ಅಂಬಾಸಡರ್ ಎಂಜಿನ್ನಿನಲ್ಲಿ ಮುರಿದ ಸ್ಟಡ್ಡು: ಕೈ ಹೋಗದ ಜಾಗದಿಂದ ಬಿಡಿಸುವ ಬಗೆ

ಸ್ಟಡ್ಡು, ಅಂದರೆ ಎರಡೂ ತುದಿಗೆ ಥ್ರೆಡ್ಡಿರುವ ತಲೆಯಿಲ್ಲದ ಬೋಲ್ಟು, ಟಕ್ ಎಂದು ಮುರಿದ ಕೂಡಲೇ ಡ್ರಿಲ್ ಕೈಗೆತ್ತಿಕೊಂಡರೆ ಕೆಲಸ ಅಲ್ಲೇ ಕೆಡುತ್ತದೆ. ಮುರಿದ ತುಂಡು ಹತ್ತು ನಿಮಿಷದಲ್ಲಿ ಬರುತ್ತದೋ, ಎರಡು ದಿನ ಹಿಡಿಯುತ್ತದೋ, ಹೆಡ್ಡನ್ನೇ ಬಿಚ್ಚಿ ಲೇತ್ ಅಂಗಡಿಗೆ ಒಯ್ಯಬೇಕಾಗುತ್ತದೋ ಎಂಬುದು ಅದು ಯಾಕೆ ಮುರಿಯಿತು ಎನ್ನುವುದರ ಮೇಲೆ ನಿಂತಿದೆ. ಆ ಕಾರಣ ಮುರಿದ ಮುಖದ ಮೇಲೇ ಇರುತ್ತದೆ. ಡ್ರಿಲ್ಲಿನ ಬಿಟ್ಟು (ಕೊರೆಯುವ ಮೊನೆ) ಒಮ್ಮೆ ತಾಗಿತೆಂದರೆ ಆ ಗುರುತು ಅಳಿಸಿಹೋಗುತ್ತದೆ.

ಇಲ್ಲಿ ಹೇಳುವುದು ಮುಖ್ಯವಾಗಿ 1489 ಸಿಸಿ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ-ಸೀರೀಸ್ ಪೆಟ್ರೋಲ್ ಎಂಜಿನ್ನಿನ ಹಿಂದುಸ್ತಾನ್ ಅಂಬಾಸಡರ್ ಬಗ್ಗೆ. ಇದರಲ್ಲಿ ಬ್ಲಾಕು, ಹೆಡ್ಡು ಎರಡೂ ಬೀಡು ಕಬ್ಬಿಣ. ಇನ್‌ಲೆಟ್ ಮತ್ತು ಎಕ್ಸಾಸ್ಟ್ ಮೆನಿಫೋಲ್ಡ್ (ಗಾಳಿ-ಪೆಟ್ರೋಲ್ ಒಳತರುವ, ಹೊಗೆ ಹೊರಬಿಡುವ ಕವಲು ಕೊಳವೆಗಳು) ಎರಡೂ ಹೆಡ್ಡಿನ ಎಡಬದಿಗೇ ಕೂರುತ್ತವೆ. ಮುರಿಯುವ ಸ್ಟಡ್ಡುಗಳಲ್ಲಿ ಹೆಚ್ಚಿನವು ಅಲ್ಲಿಯವು, ಅದರಲ್ಲೂ ಫೈರ್‌ವಾಲ್ (ಎಂಜಿನ್ನಿಗೂ ಸವಾರರಿಗೂ ನಡುವಿನ ತಗಡು ಗೋಡೆ) ಕಡೆಯ ಕೊನೆಯದು. ಥರ್ಮೋಸ್ಟಾಟ್ ಹೌಸಿಂಗಿನ ಸ್ಟಡ್ಡು, ವಾಟರ್ ಪಂಪಿನ ಬೋಲ್ಟು ಆಮೇಲಿನವು. ಅಲ್ಯೂಮಿನಿಯಂ ಹೆಡ್ಡಿನ ಪ್ರೀಮಿಯರ್ ಪದ್ಮಿನಿಗೆ ನಿಯಮ ಬದಲಾಗುತ್ತದೆ, ಅದನ್ನು ಬೇರೆಯಾಗಿ ಹೇಳಿದೆ.

ಮುರಿದ ಮುಖ ಏನು ಹೇಳುತ್ತದೆ

ತುಂಡಿನ ಮೇಲೆ ಬ್ರಷ್ ಆಡಿಸಿ, ಬಟ್ಟೆಯಲ್ಲಿ ಒರೆಸಿ. ಟಾರ್ಚ್ ಮತ್ತು ಕೈಗನ್ನಡಿ ಹಿಡಿದು ನೋಡಿ. ಕೈಯಲ್ಲಿ ಉಳಿದ ಇನ್ನೊಂದು ತುಂಡನ್ನು ಎಸೆಯಬೇಡಿ. ಮುಖ ಅದರಲ್ಲೂ ಅಷ್ಟೇ ಚೆನ್ನಾಗಿ ಕಾಣುತ್ತದೆ, ಅದನ್ನು ಬೆಳಕಿಗೂ ಹಿಡಿಯಬಹುದು.

ಮುಖ ಚಪ್ಪಟೆಯಾಗಿ, ನಡುವಿನಿಂದ ಸುಳಿ ಸುತ್ತಿದ ಹಾಗೆ ಗೆರೆಗಳಿದ್ದರೆ ಅದು ತಿರುಚಿ ಮುರಿದದ್ದು. ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬಿಚ್ಚುವಾಗ ಮುರಿಯಿತೋ, ಬಿಗಿಯುವಾಗ ಮುರಿಯಿತೋ? ಬಿಚ್ಚುವಾಗ ಮುರಿದಿದ್ದರೆ ಥ್ರೆಡ್ಡು ಒಳಗೆ ತುಕ್ಕಿನಿಂದ ಹಿಡಿದುಕೊಂಡಿದೆ ಎಂದರ್ಥ. ಇಡೀ ಸ್ಟಡ್ಡಿನ ಬಲಕ್ಕೂ ಬಗ್ಗದ ಆ ಹಿಡಿತ, ನಡುವೆ ತೂತು ಕೊರೆದು ಬಲ ಕಳೆದ ತುಂಡಿಗೆ ತೂರಿಸಿದ ಈಜಿ ಔಟಿಗೆ (ಮುರಿದ ತುಂಡನ್ನು ಕಚ್ಚಿ ತಿರುಗಿಸುವ ಉಪಕರಣಕ್ಕೆ) ಬಗ್ಗುವುದಿಲ್ಲ. ಈ ಒಂದು ಮಾತು ನೆನಪಿದ್ದರೆ ಅರ್ಧ ಅನಾಹುತ ತಪ್ಪುತ್ತದೆ.

ಬಿಗಿಯುವಾಗ ಮುರಿದಿದ್ದರೆ ಕಥೆ ಬೇರೆ. ಮುರಿದ ಜಾಗದಲ್ಲಿ ಸೊಂಟ ಸಣ್ಣಗಾಗಿ, ಎಳೆದು ತುಂಡಾದ ಹಾಗೆ ಕಾಣಬಹುದು. ಮೇಲಿನ ತುಂಡು ಹೋದ ಕ್ಷಣವೇ ಬಿಗಿ ಎಳೆತವೂ ಹೋಗಿರುತ್ತದೆ, ಒಳಗಿನ ತುಂಡು ಬಹುಪಾಲು ಸಡಿಲವಾಗೇ ಇರುತ್ತದೆ. ಚೂಪಾದ ಸಣ್ಣ ಪಂಚನ್ನು ಅಂಚಿನ ಹತ್ತಿರ ಓರೆಯಾಗಿ ಇಟ್ಟು, ಗಡಿಯಾರದ ಎದುರು ದಿಕ್ಕಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ತಿರುಗಿಬಿಡುತ್ತದೆ. ಅದಕ್ಕೆ ಎರಡು ಅಪವಾದಗಳಿವೆ. ಒಂದು, ಬೋಲ್ಟು ಉದ್ದವಾಗಿ ರಂಧ್ರದ ತಳಕ್ಕೆ ಒತ್ತಿಕೊಂಡು ಮುರಿದಿರುವುದು. ಇನ್ನೊಂದು, ಬೇರೆ ಥ್ರೆಡ್ಡಿನ ಬೋಲ್ಟನ್ನು ಬಲವಂತವಾಗಿ ತುರುಕಿರುವುದು.

ಮೂರನೇ ಬಗೆ ಹೀಗಿರುತ್ತದೆ: ಮುಖದ ಒಂದು ಭಾಗ ನುಣುಪಾಗಿ, ಚಿಪ್ಪಿನ ಮೇಲಿನ ಗೆರೆಗಳಂತೆ ಬಿಲ್ಲುಬಿಲ್ಲಾದ ಗುರುತುಗಳು, ಉಳಿದ ಸ್ವಲ್ಪ ಭಾಗ ಮಾತ್ರ ಒರಟು. ಇದು ದಣಿದು ಮುರಿದದ್ದು. ಬಿರುಕು ತಿಂಗಳುಗಟ್ಟಲೆ ಬೆಳೆದು ಕೊನೆಗೆ ಒರಟು ಭಾಗ ಒಮ್ಮೆಗೇ ಹೋಗಿದೆ. ಎಕ್ಸಾಸ್ಟ್ ಮೆನಿಫೋಲ್ಡಿನ ಎರಡು ತುದಿಗಳಲ್ಲಿ ಇದು ಹೆಚ್ಚು, ಕಾರಣವೂ ಸ್ಪಷ್ಟ. ಮೆನಿಫೋಲ್ಡು ಹೆಡ್ಡಿಗಿಂತ 300 ಡಿಗ್ರಿ ಹೆಚ್ಚು ಬಿಸಿಯಾದರೆ 400 ಮಿ.ಮೀ. ಉದ್ದದ ಬೀಡು ಸುಮಾರು 1.3 ಮಿ.ಮೀ. ಉದ್ದವಾಗುತ್ತದೆ, ಅಂದರೆ ಪ್ರತಿ ತುದಿಗೆ 0.6 ಮಿ.ಮೀ.ಗಿಂತ ತುಸು ಹೆಚ್ಚು. ಆ ಜರುಗಾಟಕ್ಕೆಂದೇ ಮೆನಿಫೋಲ್ಡಿನ ಕಿವಿಯ (ಸ್ಟಡ್ಡು ತೂರುವ ಚಾಚಿನ) ತೂತು ಸ್ಟಡ್ಡಿಗಿಂತ ಅಗಲವಾಗಿರುತ್ತದೆ. ತೂತಿನಲ್ಲಿ ತುಕ್ಕು, ಮಸಿ ತುಂಬಿಕೊಂಡರೆ ಮೆನಿಫೋಲ್ಡು ಜರುಗುವ ಬದಲು ಸ್ಟಡ್ಡನ್ನೇ ಬಗ್ಗಿಸುತ್ತದೆ. ಪ್ರತಿ ಸಲ ಗಾಡಿ ಬಿಸಿಯಾಗಿ ತಣಿದಾಗಲೂ ಇದೇ ನಡೆಯುತ್ತದೆ. ಇನ್‌ಲೆಟ್ ಮತ್ತು ಎಕ್ಸಾಸ್ಟಿನ ಕಿವಿಗಳನ್ನು ಒಂದೇ ದಪ್ಪ ವಾಶರ್ ಒಟ್ಟಿಗೆ ಒತ್ತಿ ಹಿಡಿಯುವ ಕಡೆ ಇನ್ನೊಂದು ಕಾರಣವೂ ಸೇರುತ್ತದೆ: ಎರಡು ಕಿವಿಗಳ ದಪ್ಪ ಒಂದೇ ಇಲ್ಲದಿದ್ದರೆ ವಾಶರ್ ಓರೆ ಕೂತು ಸ್ಟಡ್ಡು ಸದಾ ಬಗ್ಗಿಕೊಂಡೇ ಇರುತ್ತದೆ. ದಣಿದು ಮುರಿದ ತುಂಡನ್ನು ತೆಗೆದು ಹೊಸದು ಹಾಕಿ ಸುಮ್ಮನಾದರೆ ಅದೂ ಹಾಗೇ ಮುರಿಯುತ್ತದೆ.

ಥ್ರೆಡ್ಡು ಯಾವುದೆಂದು ಮೊದಲೇ ತಿಳಿಯಿರಿ

ಬಿ-ಸೀರೀಸ್ ಎಂಜಿನ್ನು ಇಂಚಿನ ಲೆಕ್ಕದ್ದು. 5/16 ಇಂಚಿನ ಸ್ಟಡ್ಡಿನ ಬೀಡಿಗೆ ಹೋಗುವ ತುದಿ ದಪ್ಪ ಥ್ರೆಡ್ಡು, ಅಂದರೆ ಯುಎನ್‌ಸಿ, ಇಂಚಿಗೆ 18 ಹಲ್ಲು. ನಟ್ಟು ಕೂರುವ ತುದಿ ಸಣ್ಣ ಥ್ರೆಡ್ಡು, ಯುಎನ್‌ಎಫ್, ಇಂಚಿಗೆ 24. 1990ರ ದಶಕದಲ್ಲಿ ಬಂದ 1817 ಸಿಸಿ ಇಸುಜು ಎಂಜಿನ್ನಿನ ಗಾಡಿಗಳು ಮೆಟ್ರಿಕ್. ಬಾನೆಟ್ ಒಳಗೆ ಯಾವ ಎಂಜಿನ್ನಿದೆ ಎಂದು ನೋಡಿಯೇ ಟ್ಯಾಪು, ಅಂದರೆ ಥ್ರೆಡ್ಡು ಕೊರೆಯುವ ಉಪಕರಣ, ತರಿಸಿ. ಎಂಜಿನ್ನು ಬದಲಾದ ಅಂಬಾಸಡರುಗಳು ಬಹಳ ಇವೆ.

ನಮ್ಮ ಕಡೆ ಬೋಲ್ಟು ಮುರಿಯುವ ಒಂದು ದೊಡ್ಡ ಕಾರಣ ಇಲ್ಲೇ ಅಡಗಿದೆ. 5/16 ಯುಎನ್‌ಸಿ ಬೋಲ್ಟಿನ ಹೊರ ಅಳತೆ 7.94 ಮಿ.ಮೀ., ಹಲ್ಲಿನಿಂದ ಹಲ್ಲಿಗೆ 1.41 ಮಿ.ಮೀ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 8 ಮಿ.ಮೀ. ಮೆಟ್ರಿಕ್ ಬೋಲ್ಟಿಗೆ ಹಲ್ಲಿನ ಅಂತರ 1.25. ಕಣ್ಣಿಗೆ ಎರಡೂ ಒಂದೇ. ಮೆಟ್ರಿಕ್ ಬೋಲ್ಟು ಒಂದೆರಡು ಸುತ್ತು ಕೈಯಲ್ಲೇ ಹೋಗಿ ಆಮೇಲೆ ಬಿಗಿಯಾಗುತ್ತದೆ. ಪಾನಾ ಹಾಕಿ ಒತ್ತಿದರೆ ಇನ್ನೆರಡು ಸುತ್ತು ಹೋಗಿ, ಹಲ್ಲಿಗೆ ಹಲ್ಲು ಬೆಣೆಯಾಗಿ, ಮುರಿಯುತ್ತದೆ. ಉಳಿದ ತುಂಡಿನಲ್ಲಿ ಹಲ್ಲಿನ ಗುರುತು ಕಾಣುತ್ತಿದ್ದರೆ ಥ್ರೆಡ್ ಗೇಜ್ ಇಟ್ಟು ನೋಡಿ. ಹೀಗೆ ಬೆಣೆಯಾದ ತುಂಡಿಗೆ ಎಣ್ಣೆ, ಬಿಸಿ ಎರಡೂ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಕೊರೆದೇ ತೆಗೆಯಬೇಕು, ಆ ರಂಧ್ರಕ್ಕೆ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ಡು ಕೊಡುವ ತಂತಿ ಸುರುಳಿ, ಬೇಕಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಜಾಗ ಮಾಡಿಕೊಳ್ಳುವುದೇ ಅರ್ಧ ಕೆಲಸ

ಬ್ಯಾಟರಿಯ ಎರಡೂ ತಂತಿ ಬಿಚ್ಚಿ. ಈ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್ ಕೂತಿರುವುದು ಎಕ್ಸಾಸ್ಟ್ ಇರುವ ಬದಿಯಲ್ಲೇ. ಹಾಗಾಗಿ ಕಾರ್ಬ್ಯುರೇಟರನ್ನು ಇಳಿಸಿ ಗಾಡಿಯಿಂದ ದೂರ ಇಡಿ, ಪೆಟ್ರೋಲ್ ಪೈಪಿನ ಬಾಯಿಗೆ ಬಿರಡೆ ಹಾಕಿ, ಸೋರಿದ್ದೆಲ್ಲ ಆರುವ ತನಕ ಕಾಯಿರಿ. ಇದಾಗದೆ ಬೆಂಕಿ, ವೆಲ್ಡಿಂಗ್, ಗ್ರೈಂಡರ್ ಯಾವುದೂ ಬೇಡ. ಇನ್ನೊಂದು ಎಚ್ಚರಿಕೆ: ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸಿಂಪಡಿಸಿದ ಜಾಗದಲ್ಲಿ ವೆಲ್ಡಿಂಗ್ ಮಾಡಿದರೆ ಫಾಸ್ಜೀನ್ ಎಂಬ ಪ್ರಾಣಾಂತಿಕ ಅನಿಲ ಹುಟ್ಟುತ್ತದೆ. ಎಣ್ಣೆ ಜಿಡ್ಡು ತೆಗೆಯಲು ಅಸಿಟೋನ್ ಬಳಸಿ, ಅದು ಪೂರ್ತಿ ಆರಿದ ಮೇಲೆ ಮಾತ್ರ ಕೆಲಸ ಶುರುಮಾಡಿ. ಹಳೆಯ ಗ್ಯಾಸ್ಕೆಟ್ಟಿನಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವಿದೆ. ಅದನ್ನು ಒಣಗಿದ್ದಾಗ ಕೆರೆಯಬೇಡಿ, ನೀರು ಹಾಕಿ ಒದ್ದೆ ಮಾಡಿ ಕೆರೆಯಿರಿ.

ಮೆನಿಫೋಲ್ಡನ್ನು ಪೂರ್ತಿ ಇಳಿಸಬೇಕು. ಉಳಿದ ನಟ್ಟುಗಳನ್ನು ಬಿಚ್ಚುವಾಗ ಇನ್ನೊಂದು ಸ್ಟಡ್ಡು ಮುರಿಯದಂತೆ ಒಂದು ಉಪಾಯವಿದೆ. ಸ್ಟಡ್ಡಿಗಲ್ಲ, ನಟ್ಟಿಗೆ ಬೆಂಕಿ ಕೊಟ್ಟು ಮಂಕು ಕೆಂಪಾದಾಗಲೇ ತಿರುಗಿಸಿ. ಅದಕ್ಕೂ ಬಗ್ಗದಿದ್ದರೆ ನಟ್ಟನ್ನೇ ನಟ್ ಸ್ಪ್ಲಿಟರಿನಿಂದಲೋ ಉಳಿಯಿಂದಲೋ ಸೀಳಿಬಿಡಿ. ನಟ್ಟು ಹೋದರೆ ಹೋಗಲಿ, ಸ್ಟಡ್ಡು ಉಳಿಯಬೇಕು.

ಬಾಯಿ ತೆರೆದ ಎಕ್ಸಾಸ್ಟ್, ಇನ್‌ಲೆಟ್ ಪೋರ್ಟುಗಳಿಗೆ ಗ್ರೀಸ್ ಸವರಿದ ಬಟ್ಟೆ ತುರುಕಿ, ಪ್ರತಿ ಬಟ್ಟೆಗೂ ಉದ್ದ ದಾರ ಕಟ್ಟಿ ಹೊರಗೆ ಇಳಿಬಿಡಿ. ಕೊರೆದ ಕಬ್ಬಿಣದ ಚೂರು ತೆರೆದ ವಾಲ್ವಿನ ಮೂಲಕ ಸಿಲಿಂಡರಿಗೆ ಇಳಿದರೆ ಪಿಸ್ಟನ್ನು, ವಾಲ್ವಿನ ಸೀಟು ಎರಡೂ ಹಾಳು. ಬಟ್ಟೆಯನ್ನೇ ಒಳಗೆ ಮರೆತರೆ ಅದೂ ಅಷ್ಟೇ.

ಈಗ ಸ್ಟಡ್ಡಿನ ಎದುರು ಎಷ್ಟು ಜಾಗವಿದೆ ಎಂದು ಟೇಪು ಹಿಡಿದು ಅಳೆಯಿರಿ. ಸಾಮಾನ್ಯ ಕೈ ಡ್ರಿಲ್ಲಿನ ಮೈ ಸುಮಾರು 200 ಮಿ.ಮೀ. ಅದಕ್ಕೆ 5 ಮಿ.ಮೀ. ಬಿಟ್ಟು ಹಾಕಿದರೆ ಬಿಟ್ಟಿನದೇ ಉದ್ದ 86. ಅದೇ ಅಳತೆಯ ಗಿಡ್ಡ ಬಿಟ್ಟು, ಅಂದರೆ ಸ್ಟಬ್ ಡ್ರಿಲ್, 62 ಮಿ.ಮೀ. ಮಾತ್ರ. 3 ಮಿ.ಮೀ.ನಲ್ಲಿ 61ರ ಬದಲು 46. ಗಿಡ್ಡ ಬಿಟ್ಟು ಜಾಗ ಉಳಿಸುತ್ತದೆ, ಜತೆಗೆ ಬಳುಕುವುದೂ ಕಡಿಮೆ, ಹಾಗಾಗಿ ನಡುವಿನಿಂದ ಜಾರುವುದಿಲ್ಲ. ಜಾಗ ಧಾರಾಳ ಇದ್ದಾಗಲೂ ಇದನ್ನೇ ಆರಿಸಿಕೊಳ್ಳುವುದು ಮೇಲು. ಫೈರ್‌ವಾಲ್ ಕಡೆಯ ಸ್ಟಡ್ಡಿಗೆ ಮೂಲೆ ತಿರುಗುವ ತಲೆ, ಅಂದರೆ ರೈಟ್ ಆ್ಯಂಗಲ್ ಅಟ್ಯಾಚ್‌ಮೆಂಟ್, ಬೇಕೇ ಬೇಕು.

ಆ ತಲೆಯ ದೌರ್ಬಲ್ಯ ಒಂದಿದೆ: ಕೈಯಿಂದ ಅದಕ್ಕೆ ನೇರ ಒತ್ತಡ ಕೊಡಲಾಗುವುದಿಲ್ಲ. ಒತ್ತಡ ಸಾಲದಿದ್ದರೆ ಬಿಟ್ಟು ಕೊರೆಯುವ ಬದಲು ಉಜ್ಜುತ್ತದೆ, ಉಜ್ಜಿದ ಜಾಗ ಗಡಸಾಗುತ್ತದೆ, ಆಮೇಲೆ ಯಾವ ಬಿಟ್ಟೂ ಕಚ್ಚುವುದಿಲ್ಲ. ಆದ್ದರಿಂದ ಒಳಮಡ್‌ಗಾರ್ಡಿನ ತಗಡಿಗೆ ಒಂದು ಅಗಲ ಹಲಗೆ ಒರಗಿಸಿ. ಹಲಗೆಗೂ ಡ್ರಿಲ್ಲಿನ ತಲೆಗೂ ನಡುವೆ ಮರದ ರೀಪು ಇಟ್ಟು ಸನ್ನೆಯಂತೆ ಒತ್ತಿ. ಹಲಗೆ ಅಗಲವಾಗಿದ್ದರೆ ತಗಡು ತಗ್ಗಾಗುವುದಿಲ್ಲ. ವಾಟರ್ ಪಂಪಿನ ಬೋಲ್ಟಾದರೆ ರೇಡಿಯೇಟರ್ ಇಳಿಸಿ. ಅದನ್ನು ಇಳಿಸದೆ ಇಕ್ಕಟ್ಟಿನ ಸಂದಿನಲ್ಲಿ ಡ್ರಿಲ್ ತೂರಿಸಿ ಓರೆಯಾಗಿ ಕೊರೆದವರು ಆಮೇಲೆ ಬ್ಲಾಕಿನ ಗೋಡೆಯನ್ನೇ ರಿಪೇರಿ ಮಾಡಿಸಬೇಕಾಗುತ್ತದೆ.

ತುಂಡು ಹೊರಗೆ ಚಾಚಿಕೊಂಡಿದ್ದರೆ

5 ಮಿ.ಮೀ. ಆದರೂ ಹೊರಗಿದ್ದರೆ ಡ್ರಿಲ್ಲಿನ ಮಾತೇ ಬೇಡ. ಥ್ರೆಡ್ಡಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ತುಂಡಿನ ತಲೆಗೆ ಚಪ್ಪಟೆ ಪಂಚಿಟ್ಟು ಇಪ್ಪತ್ತು ಮೂವತ್ತು ಸಲ ಹಗುರವಾಗಿ ಹೊಡೆಯಿರಿ. ತುಕ್ಕಿನಲ್ಲಿ ಬಿರುಕು ಬಿಟ್ಟರೆ ತಾನೇ ಎಣ್ಣೆ ಒಳಗೆ ಇಳಿಯುವುದು? ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಮಾಡಿ ಒಂದು ರಾತ್ರಿ ಬಿಡಿ. ಅಸಿಟೋನ್ ಮತ್ತು ಎ.ಟಿ.ಎಫ್. (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ) ಎಣ್ಣೆ ಸಮಸಮ ಬೆರೆಸಿದ್ದು ಚೆನ್ನಾಗಿ ಇಳಿಯುತ್ತದೆ. ಅವೆರಡೂ ಬೇಗ ಬೇರ್ಪಡುವುದರಿಂದ ಪ್ರತಿ ಸಲ ಕುಲುಕಿ ಹಾಕಬೇಕು. ಅದಕ್ಕೆ ಥಟ್ಟನೆ ಬೆಂಕಿ ಹತ್ತುತ್ತದೆ ಎಂಬುದನ್ನು ಮರೆಯಬೇಡಿ.

ಬೀಡು ಹೆಡ್ಡಿನಲ್ಲಿ ಬೆಂಕಿಯನ್ನು ಸ್ಟಡ್ಡಿನ ಸುತ್ತಲಿನ ಬೀಡಿಗೆ ಕೊಡಿ. ಉಕ್ಕು, ಬೀಡು ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಹಾಗಾಗಿ ಇಲ್ಲಿ ಕೆಲಸ ಮಾಡುವುದು ರಂಧ್ರ ಅಗಲವಾಗುವುದಲ್ಲ, ಬಿಸಿ-ತಂಪಿನ ಆಟದಲ್ಲಿ ತುಕ್ಕಿನ ಪದರ ಪುಡಿಯಾಗುವುದು. ಕಾಯಿಸಿ, ತಾನಾಗಿ ತಣಿಯಲು ಬಿಡಿ, ಮತ್ತೆ ಕಾಯಿಸಿ. ಬಿಸಿ ಬೀಡಿಗೆ ನೀರು ಎರಚಿದರೆ ಹೆಡ್ಡು ಸೀಳುತ್ತದೆ. ಕೈಗೆ ತಾಳದಷ್ಟು ಬಿಸಿ ಇರುವಾಗ ಮೇಣದ ಬತ್ತಿಯನ್ನು ಸ್ಟಡ್ಡಿನ ಬುಡಕ್ಕೆ ಒತ್ತಿದರೆ ಕರಗಿದ ಮೇಣ ಥ್ರೆಡ್ಡಿನೊಳಗೆ ಎಳೆದುಕೊಳ್ಳುತ್ತದೆ. ಎಣ್ಣೆ ಸುಟ್ಟುಹೋಗುವ ಬಿಸಿಯಲ್ಲೂ ಮೇಣ ತುಸು ಹೊತ್ತು ಜಾರು ಕೊಡುತ್ತದೆ.

ಆಮೇಲೆ, ತುಂಡು ಸಾಕಷ್ಟು ಉದ್ದವಿದ್ದರೆ, ಎರಡು ನಟ್ಟು ಒಂದಕ್ಕೊಂದು ಬಿಗಿದು ಒಳಗಿನ ನಟ್ಟನ್ನು ಬಿಚ್ಚುವ ದಿಕ್ಕಿಗೆ ತಿರುಗಿಸಿ, ಅಥವಾ ಸ್ಟಡ್ ಎಕ್ಸ್‌ಟ್ರಾಕ್ಟರ್ ಸಾಕೆಟ್ ಹಾಕಿ. ಒಂದೇ ಕಡೆಗೆ ಎಳೆಯಬೇಡಿ. ಕಾಲು ಸುತ್ತು ಬಂದರೆ ಕಾಲು ಸುತ್ತು ವಾಪಸ್ ಒತ್ತಿ, ಎಣ್ಣೆ ಹಾಕಿ, ಮತ್ತೆ ಎಳೆಯಿರಿ. ರಬ್ಬರಿನಂತೆ ಬಳುಕಿದ ಹಾಗೆ ಅನ್ನಿಸಿದರೆ ಸ್ಟಡ್ಡು ತಿರುಗುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ಕೂಡಲೇ ನಿಲ್ಲಿಸಿ.

ನಟ್ಟು ವೆಲ್ಡ್ ಮಾಡುವುದು

ಹಿಡಿಯಲು ಸಾಲದಷ್ಟು ಗಿಡ್ಡ ತುಂಡಿಗೂ, ಮೇಲ್ಮೈ ಮಟ್ಟಕ್ಕೇ ಮುರಿದಿದ್ದಕ್ಕೂ ಬೀಡು ಹೆಡ್ಡಿನಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಹಿಡಿಯಲು ತಲೆ ಸಿಗುತ್ತದೆ, ತುಂಡಿನ ನಡುವಿಗೇ ಬಿಸಿಯೂ ಇಳಿಯುತ್ತದೆ. ಕೆಂಪಗೆ ಕಾದ ತುಂಡು ಸುತ್ತಲೂ ತಣ್ಣಗಿರುವ ಬೀಡಿನ ಒಳಗೆ ಹಿಗ್ಗಲು ಜಾಗವಿಲ್ಲದೆ ತನ್ನನ್ನೇ ಅದುಮಿಕೊಳ್ಳುತ್ತದೆ, ತಣಿದಾಗ ಮೊದಲಿಗಿಂತ ಕೂದಲೆಳೆಯಷ್ಟು ಸಣ್ಣದಾಗಿರುತ್ತದೆ. ತುಕ್ಕಿನ ಹಿಡಿತ ಅಲ್ಲೇ ಬಿಡುತ್ತದೆ.

5/16 ಸ್ಟಡ್ಡಿಗೆ 8 ಮಿ.ಮೀ. ತೂತಿನ ಒಂದು ವಾಶರ್ ಇಟ್ಟು, ತುಂಡಿನ ನಡುವಿನಿಂದ ಶುರುಮಾಡಿ ವಾಶರಿಗೆ ಬೆಸೆಯಿರಿ. ಅದರ ಮೇಲೆ 10 ಮಿ.ಮೀ. ನಟ್ಟು ಇಟ್ಟು ಒಳಗಿನಿಂದ ತುಂಬಿ. ವಾಶರ್, ನಟ್ಟು ಎರಡೂ ಸತುವಿನ ಲೇಪ ಇಲ್ಲದ ಕಪ್ಪು ಮಾಲಾಗಿರಲಿ. ಲೇಪ ಇದ್ದರೆ ಉಜ್ಜಿ ತೆಗೆಯಿರಿ, ಅದರ ಹೊಗೆಯಿಂದ ಜ್ವರ ಬರುತ್ತದೆ, ಬೆಸುಗೆಯೂ ಗುಳ್ಳೆಯಾಗುತ್ತದೆ. ಮಿಗ್ ವೆಲ್ಡರ್ ಆದರೆ 0.8 ಮಿ.ಮೀ. ತಂತಿ. ಸಾಮಾನ್ಯ ಆರ್ಕ್ ಆದರೆ 2.5 ಮಿ.ಮೀ. 6013 ಕಡ್ಡಿ, 70ರಿಂದ 90 ಆಂಪಿಯರ್. ಇಕ್ಕಟ್ಟಿನಲ್ಲಿ 350 ಮಿ.ಮೀ. ಉದ್ದದ ಹೊಸ ಕಡ್ಡಿ ಆಡುವುದಿಲ್ಲ. ಬೇರೆಲ್ಲೋ ಅರ್ಧ ಉರಿಸಿದ ಕಡ್ಡಿಗಳನ್ನು ಮೊದಲೇ ಎತ್ತಿಟ್ಟುಕೊಳ್ಳಿ. ಅರ್ತ್ ಕ್ಲಾಂಪನ್ನು ಹೆಡ್ಡಿಗೇ ಹಾಕಿ. ಚಾಸಿಗೆ ಹಾಕಿದರೆ ಕರೆಂಟು ಬೇರಿಂಗುಗಳ ಮೂಲಕ, ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ದಾರಿ ಹುಡುಕುತ್ತದೆ.

ಬೆಸೆದ ಕೂಡಲೇ ತಿರುಗಿಸಬೇಡಿ, ಕೆಂಪಿರುವಾಗ ಬೆಸುಗೆ ಬೆಣ್ಣೆಯಂತಿರುತ್ತದೆ. ಕೆಂಪು ಹೋಗಿ ಕಪ್ಪಾದ ಮೇಲೆ ಎರಡು ಮೂರು ನಿಮಿಷ ಬಿಟ್ಟು, ಹಿಂದೆ ಮುಂದೆ ಸಣ್ಣಗೆ ಅಲ್ಲಾಡಿಸಿ. ಮೊದಲ ನಟ್ಟು ಕಿತ್ತು ಬಂದರೆ ಬೇಸರ ಬೇಡ, ಇನ್ನೊಂದು ಹಾಕಿ. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಬರುವುದು ಸಾಮಾನ್ಯ, ಯಾಕೆಂದರೆ ಪ್ರತಿ ಸಲದ ಬಿಸಿಯೂ ಹಿಡಿತವನ್ನು ಸಡಿಲಿಸುತ್ತಿರುತ್ತದೆ.

ಒಳಗೆ ಮುರಿದಿದ್ದರೆ: ನಡು ಹಿಡಿಯುವುದು

ವೆಲ್ಡಿಂಗ್ ತಲುಪದಷ್ಟು ಒಳಗಿದ್ದರೆ ಕೊರೆಯಬೇಕು. 8 ಮಿ.ಮೀ. ತುಂಡಿನ ಗೋಡೆ ಉಳಿದು, ಹೆಡ್ಡಿನ ಥ್ರೆಡ್ಡಿಗೆ ಪೆಟ್ಟಾಗದೆ ಹೊರಬರಬೇಕಾದರೆ ತೂತು ನಡುವಿನಿಂದ ಅರ್ಧ ಮಿ.ಮೀ. ಕೂಡ ಜರುಗಬಾರದು. ಮುರಿದ ಮುಖ ಓರೆಕೋರೆಯಾಗಿರುತ್ತದೆ, ಬಿಟ್ಟು ತಗ್ಗಿನ ಕಡೆಗೇ ಜಾರುತ್ತದೆ. ಕನ್ನಡಿ ನೋಡಿಕೊಂಡು ಬರಿಗೈಯಲ್ಲಿ ಸೆಂಟರ್ ಪಂಚ್ ಹೊಡೆದು ನಡು ಹಿಡಿಯುತ್ತೇವೆ ಎಂದು ನಂಬಬೇಡಿ.

ಒಂದು ಬುಷ್, ಅಂದರೆ ಬಿಟ್ಟಿಗೆ ದಾರಿ ತೋರುವ ಗಿಡ್ಡ ಕೊಳವೆ, ಮಾಡಿಸಿ. ಲೇತ್ ಅಂಗಡಿಯಲ್ಲಿ ಹದಿನೈದು ನಿಮಿಷದ ಕೆಲಸ. ತುಂಡು ರಂಧ್ರದೊಳಗೆ ಇಳಿದಿದ್ದರೆ ಬುಷ್ಷಿನ ಹೊರ ಅಳತೆ ಖಾಲಿ ಥ್ರೆಡ್ಡಿನ ಒಳಗೆ ಜಾರುವಷ್ಟು, 5/16 ಯುಎನ್‌ಸಿಗೆ ಸುಮಾರು 6.3 ಮಿ.ಮೀ., ಒಳತೂತು 3 ಮಿ.ಮೀ. ಇನ್ನೂ ಒಳ್ಳೆಯದು ಅದೇ ಥ್ರೆಡ್ಡಿನ ಒಂದು ಬೋಲ್ಟಿಗೆ ಲೇತಿನಲ್ಲಿ ಉದ್ದಕ್ಕೂ 3 ಮಿ.ಮೀ. ತೂತು ಹಾಕಿಸಿ ತುಂಡಿಗೆ ತಾಗುವ ತನಕ ತಿರುಗಿಸಿಬಿಡುವುದು. ನಡು ತಾನಾಗಿ ಸಿಗುತ್ತದೆ, ನೇರವೂ ತಾನಾಗಿ ಬರುತ್ತದೆ. ತುಂಡು ಮಟ್ಟಕ್ಕೇ ಇದ್ದರೆ ಮೆನಿಫೋಲ್ಡನ್ನೇ ಜಿಗ್ ಮಾಡಿಕೊಳ್ಳಬೇಕು. ಅದನ್ನು ಅಕ್ಕಪಕ್ಕದ ಸ್ಟಡ್ಡುಗಳ ಮೇಲೆ ಕೂರಿಸಿ, ಮುರಿದ ಜಾಗದ ಕಿವಿಯ ತೂತಿಗೆ ಸರಿಯಾಗಿ ಕೂರುವ, 20 ಮಿ.ಮೀ. ಉದ್ದದ, 3 ಮಿ.ಮೀ. ಒಳತೂತಿನ ಬುಷ್ ತೂರಿಸಿ. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಕಿವಿಯ ತೂತುಗಳು ಅಗಲ, ಆದ್ದರಿಂದ ಮೆನಿಫೋಲ್ಡು ತನ್ನ ಭಾರಕ್ಕೆ ಕೆಳಗೆ ಜಾರಿ ಕೂರುತ್ತದೆ, ಬುಷ್ಷೂ ಅದರ ಜತೆ ಕೆಳಗಿಳಿಯುತ್ತದೆ. ಅಕ್ಕಪಕ್ಕದ ಎರಡು ಸ್ಟಡ್ಡುಗಳಿಗೂ ತೆಳು ತಗಡನ್ನು ಸುತ್ತಿ ಆ ಸಡಿಲ ತುಂಬಿಸಿ, ಆಮೇಲೆ ಬಿಗಿಯಿರಿ.

3 ಮಿ.ಮೀ. ಬಿಟ್ಟು ನಿಮಿಷಕ್ಕೆ 1500 ಸುತ್ತು, 5 ಮಿ.ಮೀ. ಬಿಟ್ಟು 800ರ ಸುತ್ತಮುತ್ತ, 6.5 ಬಿಟ್ಟು ಅದಕ್ಕೂ ನಿಧಾನ. ಸ್ಟಡ್ಡು ಗಡಸಾಗಿದ್ದರೆ ಕೋಬಾಲ್ಟ್ ಬಿಟ್ಟು ಹಾಕಿ, ವೇಗ ಅರ್ಧಕ್ಕೆ ಇಳಿಸಿ. ಬಿಟ್ಟಿಗೆ ಗ್ರೀಸ್ ಹಚ್ಚಿದರೆ ಚೂರು ಅಂಟಿಕೊಂಡು ಹೊರಬರುತ್ತದೆ. ಎಷ್ಟು ಆಳ ಹೋಗಬೇಕೆಂದು ಪಕ್ಕದ ಸ್ಟಡ್ಡನ್ನು ನೋಡಿ ಲೆಕ್ಕ ಹಾಕಿ, ಬಿಟ್ಟಿಗೆ ಟೇಪು ಸುತ್ತಿ ಗುರುತು ಮಾಡಿ. ತಳ ದಾಟಿದರೆ ಆಚೆಗೆ ನೀರಿನ ಜಾಕೆಟ್ ಇರಬಹುದು.

3ರ ತೂತಾದ ಮೇಲೆ ಎಡಸುತ್ತಿನ ಬಿಟ್ಟು ಸಿಕ್ಕರೆ 5 ಮಿ.ಮೀ.ಗೆ ಅದನ್ನೇ ಹಾಕಿ, ಡ್ರಿಲ್ಲನ್ನು ರಿವರ್ಸ್ ತಿರುಗಿಸಿ. ಕೊರೆಯುವ ಬಲವೇ ಬಿಚ್ಚುವ ದಿಕ್ಕಿನಲ್ಲಿರುತ್ತದೆ. ತುಂಡು ಬಿಟ್ಟಿಗೆ ಕಚ್ಚಿಕೊಂಡು ತಾನಾಗಿ ಹೊರಬಂದುಬಿಡುವುದುಂಟು. ಬರದಿದ್ದರೂ ನಷ್ಟವಿಲ್ಲ, ತೂತಂತೂ ಆಗಿರುತ್ತದೆ.

ಈಜಿ ಔಟ್ ಯಾವಾಗ, ಯಾವಾಗ ಬೇಡ

ಓರೆಮೊನೆಯ, ಸುರುಳಿ ಹಲ್ಲಿನ ಈಜಿ ಔಟು ಒಳಗೆ ಹೋದಷ್ಟೂ ತುಂಡನ್ನು ಬೆಣೆಯಂತೆ ಹಿಗ್ಗಿಸಿ ಗೋಡೆಗೆ ಇನ್ನಷ್ಟು ಒತ್ತುತ್ತದೆ. ಅದರ ಉಕ್ಕು ಗಡಸು, ಅಷ್ಟೇ ಪೆಡಸು. ಬಿಗಿಯುವಾಗ ಮುರಿದ ಸ್ಟಡ್ಡಿಗೆ, ದಣಿದು ಮುರಿದ ಸ್ಟಡ್ಡಿಗೆ ಅದನ್ನು ಬಳಸಬಹುದು. ತುಕ್ಕು ಹಿಡಿದು ಬಿಚ್ಚುವಾಗ ಮುರಿದ ಸ್ಟಡ್ಡಿಗೆ ಬಳಸಲೇಬೇಡಿ. ಅದು ಒಳಗೆ ಮುರಿದರೆ ಯಾವ ಸಾಮಾನ್ಯ ಬಿಟ್ಟೂ ಅದನ್ನು ಕೊರೆಯುವುದಿಲ್ಲ. ಬಳಸುವುದಾದರೆ ನೇರ ಹಲ್ಲಿನದ್ದು ವಾಸಿ, ಅದು ಹಿಗ್ಗಿಸುವುದು ಕಡಿಮೆ. ಹಿಡಿಯಲು ಎರಡು ಕೈಯ ಟ್ಯಾಪ್ ಹ್ಯಾಂಡಲೇ ಇರಲಿ. ಒಂದೇ ಕಡೆ ಎಳೆಯುವ ಪಾನಾದಿಂದ ಅದು ಬಗ್ಗಿ ಮುರಿಯುತ್ತದೆ.

ಹಿಡಿದುಕೊಂಡ ತುಂಡಿಗೆ ಸುರಕ್ಷಿತ ದಾರಿ ಪೂರ್ತಿ ಕೊರೆಯುವುದು. 5ರಿಂದ 6 ಮಿ.ಮೀ.ಗೆ, ಕೊನೆಗೆ 6.5ಕ್ಕೆ ಹೋಗಿ. ಇದೇ 5/16 ಯುಎನ್‌ಸಿಯ ಟ್ಯಾಪ್ ಡ್ರಿಲ್ ಅಳತೆ. 3/8 ಯುಎನ್‌ಸಿಗೆ ಅದು 8 ಮಿ.ಮೀ., ಮೆಟ್ರಿಕ್ 8ಕ್ಕೆ 6.8. ನಡು ಸರಿಯಿದ್ದರೆ ಹಲ್ಲುಗಳ ಸಂದಿನಲ್ಲಿ ಸ್ಪ್ರಿಂಗಿನಂಥ ತೆಳು ಸುರುಳಿ ಮಾತ್ರ ಉಳಿಯುತ್ತದೆ. ಚೂಪಾದ ಕೊಕ್ಕೆಯಿಂದ ಅದರ ತುದಿ ಎಬ್ಬಿಸಿ ಇಕ್ಕಳದಿಂದ ಎಳೆಯಿರಿ, ಆಮೇಲೆ ಟ್ಯಾಪು ಓಡಿಸಿ ಶುಚಿಮಾಡಿ. ಇಕ್ಕಟ್ಟಿನಲ್ಲಿ ಟ್ಯಾಪ್ ಹ್ಯಾಂಡಲ್ ತಿರುಗದಿದ್ದರೆ ಟ್ಯಾಪಿನ ಚೌಕ ತಲೆಗೆ ಸಣ್ಣ ಪಾನಾ ಹಾಕಬಹುದು, ಆದರೆ ಇನ್ನೊಂದು ಕೈಯ ಬೆರಳು ಅದರ ಬೆನ್ನಿಗಿರಲಿ. ಮುಂದಕ್ಕೆ ಅರ್ಧ ಸುತ್ತು, ಹಿಂದಕ್ಕೆ ಕಾಲು ಸುತ್ತು.

ಥರ್ಮೋಸ್ಟಾಟ್ ಹೌಸಿಂಗು

ಇಲ್ಲಿ ಬಹಳ ಸಲ ಸ್ಟಡ್ಡಿನ ಥ್ರೆಡ್ಡು ಹಿಡಿದಿರುವುದಿಲ್ಲ. ಅಲ್ಯೂಮಿನಿಯಂ ಹೌಸಿಂಗು ಉಕ್ಕಿನ ಸ್ಟಡ್ಡಿನ ಮೈಯನ್ನು ಹಿಡಿದಿರುತ್ತದೆ. ನೀರು ಸೋರಿದ ಕಡೆ ಎರಡು ಲೋಹಗಳ ನಡುವೆ ಬಿಳಿ ಪುಡಿ ಬೆಳೆದು ಬೆಣೆಯಾಗುತ್ತದೆ. ನಟ್ಟು ಬಿಚ್ಚಿದ ಮೇಲೂ ಹೌಸಿಂಗ್ ಏಳದಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಕಿವಿ ಮುರಿಯುತ್ತದೆ. ನಟ್ಟುಗಳನ್ನು ಸ್ಟಡ್ಡಿನ ತುದಿಯ ತನಕ ಸಡಿಲಿಸಿ ಬಿಡಿ, ಸ್ಟಡ್ಡಿನ ಸುತ್ತ ಎಣ್ಣೆ ಹಾಕಿ, ಹಾಟ್ ಏರ್ ಗನ್ನಿನಿಂದ ಹೌಸಿಂಗನ್ನು ಕಾಯಿಸಿ, ಮರದ ಕೊಡತಿಯಿಂದ ಬದಿಗೆ ಹಗುರವಾಗಿ ತಟ್ಟುತ್ತಾ ತಿರುಚಿ. ಒಂದು ಸ್ಟಡ್ಡನ್ನು ಹೌಸಿಂಗಿನ ಮೂಲಕವೇ ಎರಡು ನಟ್ಟು ಹಾಕಿ ಬಿಚ್ಚಿ ತೆಗೆದರೆ ಉಳಿದದ್ದು ಸುಲಭವಾಗುವುದೂ ಇದೆ.

ಪದ್ಮಿನಿಯ ಅಲ್ಯೂಮಿನಿಯಂ ಹೆಡ್ಡು

ಇಲ್ಲಿ ಥ್ರೆಡ್ಡು ಮೆಟ್ರಿಕ್, ಮತ್ತು ಬಿಸಿ ನಿಜವಾಗಿಯೂ ರಂಧ್ರವನ್ನು ಹಿಗ್ಗಿಸುತ್ತದೆ. ಅಲ್ಯೂಮಿನಿಯಂ ಉಕ್ಕಿನ ಎರಡರಷ್ಟು ಹಿಗ್ಗುವುದರಿಂದ 100 ಡಿಗ್ರಿ ಏರಿಕೆಗೆ 8 ಮಿ.ಮೀ. ರಂಧ್ರ ಸ್ಟಡ್ಡಿಗಿಂತ ಸುಮಾರು 0.009 ಮಿ.ಮೀ. ಹೆಚ್ಚು ಅಗಲವಾಗುತ್ತದೆ. ಕೇಳಲು ಕಡಿಮೆ ಅನ್ನಿಸಿದರೂ ಹಿಡಿತ ಬಿಡಲು ಅಷ್ಟು ಸಾಕು. ಆದರೆ ಅಲ್ಯೂಮಿನಿಯಂ ಕೆಂಪಾಗದೆಯೇ ಕರಗುತ್ತದೆ, ಕಣ್ಣನ್ನು ನಂಬುವಂತಿಲ್ಲ. ಹಾಟ್ ಏರ್ ಗನ್ನು ಸಾಕು. ಗ್ಯಾಸ್ ಟಾರ್ಚ್ ಬಳಸಲೇಬೇಕಾದರೆ ಪಕ್ಕದಲ್ಲಿ ಸೋಪಿನ ಗೆರೆ ಎಳೆದು, ಅದು ಕಂದು ಬಣ್ಣಕ್ಕೆ ತಿರುಗುವ ಮೊದಲೇ ನಿಲ್ಲಿಸಿ. ಕೊರೆಯುವಾಗ ಡ್ರಿಲ್ಲಿನ ಬಿಟ್ಟು ಗಡಸು ಸ್ಟಡ್ಡಿನಿಂದ ಜಾರಿ ಮೆತ್ತನೆ ಅಲ್ಯೂಮಿನಿಯಂ ಕಡೆ ಓಡುತ್ತದೆ, ಆದ್ದರಿಂದ ಬುಷ್ ಇಲ್ಲದೆ ಇಲ್ಲಿ ಕೊರೆಯಲೇಬಾರದು. ನಟ್ಟು ವೆಲ್ಡಿಂಗ್ ಅಲ್ಯೂಮಿನಿಯಂನಲ್ಲೂ ಸಲ್ಲುತ್ತದೆ. ಉಕ್ಕಿನ ಬೆಸುಗೆ ಅಲ್ಯೂಮಿನಿಯಂಗೆ ಅಂಟುವುದಿಲ್ಲ.

ಬಿಚ್ಚಿ ತೆಗೆದ ಸಣ್ಣ ಅಲ್ಯೂಮಿನಿಯಂ ಭಾಗದಲ್ಲಿ ಉಕ್ಕಿನ ತುಂಡೋ ಟ್ಯಾಪೋ ಮುರಿದಿದ್ದರೆ ದಿನಸಿ ಅಂಗಡಿಯ ಪಟಿಕ ಕೆಲಸಕ್ಕೆ ಬರುತ್ತದೆ. ಬಿಸಿ ನೀರಿನಲ್ಲಿ ಕರಗುವಷ್ಟು ಪಟಿಕ ಹಾಕಿ, ಸ್ಟೀಲ್ ಅಲ್ಲದ, ಗಾಜಿನ ಪಾತ್ರೆಯಲ್ಲಿ ಭಾಗವನ್ನು ಮುಳುಗಿಸಿ, ಕುದಿಯ ಅಂಚಿನಲ್ಲಿ ಇಡಿ. ಉಕ್ಕಿನ ಮೇಲೆ ಸಣ್ಣ ಗುಳ್ಳೆಗಳೇಳುತ್ತವೆ, ಗಂಟೆಗಳಿಂದ ದಿನಗಳ ಅವಧಿಯಲ್ಲಿ ಅದು ಕಪ್ಪು ಕೆಸರಾಗಿ ಕರಗುತ್ತದೆ. ಸ್ಟೇನ್‌ಲೆಸ್ ತುಂಡಿಗೆ ಇದು ನಾಟುವುದಿಲ್ಲ. ಬೀಡಿನ ಭಾಗವನ್ನಂತೂ ಇದರಲ್ಲಿ ಅದ್ದಲೇಬೇಡಿ, ಭಾಗವೇ ಕರಗುತ್ತದೆ.

ದಾರಿ ತಪ್ಪಿದಾಗ

ತೂತು ಓರೆಯಾಗಿದೆ ಎಂದು 5 ಮಿ.ಮೀ.ನಲ್ಲಿ ಗೊತ್ತಾದರೆ ದೊಡ್ಡ ಬಿಟ್ಟು ಹಾಕಬೇಡಿ, ಅದು ಅದೇ ಓರೆಯನ್ನು ಹಿಂಬಾಲಿಸುತ್ತದೆ. ಡೈ ಗ್ರೈಂಡರಿಗೆ ಸಣ್ಣ ಕಾರ್ಬೈಡ್ ಬರ್ ಹಾಕಿ ದಪ್ಪ ಉಳಿದ ಕಡೆಯನ್ನು ಸವೆಸಿ ನಡುವಿಗೆ ತನ್ನಿ. ಹೆಡ್ಡಿನ ಥ್ರೆಡ್ಡು ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಹೆಲಿಕಾಯಿಲ್: 5/16 ಯುಎನ್‌ಸಿಗೆ 8.3 ಮಿ.ಮೀ. ತೂತು, ಅದರದೇ ಟ್ಯಾಪು, ಸುಮಾರು 12 ಮಿ.ಮೀ. ಉದ್ದದ ಸುರುಳಿ. ಸುರುಳಿ ಮೇಲ್ಮೈಯಿಂದ ಅರ್ಧ ಸುತ್ತಾದರೂ ಕೆಳಗಿರಲಿ, ಬಾಲ ಮುರಿದು ಹೊರತೆಗೆಯಿರಿ.

ಒಳಗೆ ಈಜಿ ಔಟೋ ಟ್ಯಾಪೋ ಮುರಿದಿದ್ದರೆ ಗಾಡಿಯ ಮೇಲೆ ಸೆಣಸಬೇಡಿ. ಹೆಡ್ಡು ಬಿಚ್ಚಿ ಸ್ಪಾರ್ಕ್ ಎರೋಷನ್ ಯಂತ್ರ ಇರುವಲ್ಲಿಗೆ ಒಯ್ಯಿರಿ. ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶಗಳಲ್ಲಿ ಈ ಕೆಲಸ ಮಾಡಿಕೊಡುವ ಘಟಕಗಳಿವೆ. ಎಷ್ಟೇ ಗಡಸು ಉಕ್ಕಾದರೂ ಕಿಡಿಯೇ ತಿನ್ನುವುದರಿಂದ ಥ್ರೆಡ್ಡಿಗೆ ಪೆಟ್ಟಾಗುವುದಿಲ್ಲ.

ಹೊಸ ಸ್ಟಡ್ಡು ಕೂರಿಸುವಾಗ

ರಂಧ್ರದ ತಳದ ಎಣ್ಣೆ, ಚೂರುಗಳನ್ನು ಗಾಳಿ ಹೊಡೆದು ಪೂರ್ತಿ ತೆಗೆಯಿರಿ, ಕಣ್ಣಿಗೆ ಕನ್ನಡಕ ಇರಲಿ. ತಳದಲ್ಲಿ ಎಣ್ಣೆ ನಿಂತಿದ್ದರೆ ಸ್ಟಡ್ಡು ಅದನ್ನು ಅದುಮಿ ಬೀಡನ್ನೇ ಸೀಳಬಲ್ಲದು. ಸ್ಟಡ್ಡು ಮೆಟ್ರಿಕ್ 8.8 ದರ್ಜೆಗೆ ಸಮನಾದ ಬಲದ್ದು, ಬೀಡಿನ ತುದಿ ಯುಎನ್‌ಸಿ. ಕೈಯಲ್ಲಿ ತಿರುಗಿಸಿ ಬೆರಳ ಬಿಗಿ ಸಾಕು, ತಳಕ್ಕೆ ಒತ್ತಿ ಜಜ್ಜಬೇಡಿ. ರಂಧ್ರ ನೀರಿನ ಜಾಕೆಟ್ಟಿಗೆ ತೆರೆದಿದ್ದರೆ ಥ್ರೆಡ್ಡಿಗೆ ಸೀಲಂಟ್ ಹಚ್ಚಿ, ಇಲ್ಲದಿದ್ದರೆ ಆ್ಯಂಟಿ-ಸೀಜ್ (ಥ್ರೆಡ್ಡು ಹಿಡಿಯದಂತೆ ತಡೆಯುವ ಲೇಪ). ಎಕ್ಸಾಸ್ಟಿಗೆ ತಾಮ್ರದ್ದು ಒಳ್ಳೆಯದು, ಅಲ್ಯೂಮಿನಿಯಂ ಹೆಡ್ಡಿಗೆ ತಾಮ್ರವಿಲ್ಲದ್ದು. ನಟ್ಟು ಹಿತ್ತಾಳೆಯದ್ದಾದರೆ ಮುಂದಿನ ಸಲ ಬಿಚ್ಚುವವರಿಗೆ ಸ್ಟಡ್ಡು ಮುರಿಯುವ ಭಯವಿಲ್ಲ. ಸ್ಟೇನ್‌ಲೆಸ್ ಸ್ಟಡ್ಡಿಗೆ ಸ್ಟೇನ್‌ಲೆಸ್ ನಟ್ಟು ಹಾಕಬೇಡಿ, ಎರಡೂ ಒಂದಕ್ಕೊಂದು ಕಚ್ಚಿ ಬೆಸೆದುಕೊಳ್ಳುತ್ತವೆ.

ಮೆನಿಫೋಲ್ಡಿನ ಮುಖಕ್ಕೆ ನೇರಪಟ್ಟಿ ಇಟ್ಟು ನೋಡಿ. 0.2 ಮಿ.ಮೀ. ಫೀಲರ್ ಗೇಜ್ ತೂರಿದರೆ ಮುಖವನ್ನು ಮಟ್ಟ ಮಾಡಿಸಬೇಕು. ಎರಡು ಕಿವಿಗಳನ್ನು ಹಿಡಿಯುವ ಕಡೆ ದಪ್ಪ ಅಳೆದು, ತೆಳುವಾದದ್ದಕ್ಕೆ ಶಿಮ್ (ತೆಳು ತಗಡಿನ ಚೂರು) ಕೊಟ್ಟು, ವಾಶರ್ ಸಮವಾಗಿ ಕೂರುವಂತೆ ಮಾಡಿ. ಕಿವಿಯ ತೂತುಗಳ ತುಕ್ಕನ್ನು ದುಂಡು ಅರದಿಂದ ಉಜ್ಜಿ ತೆಗೆಯಿರಿ, ಸ್ಟಡ್ಡಿನ ಸುತ್ತ ಸಡಿಲ ಕಾಣಬೇಕು. 5/16 ನಟ್ಟುಗಳನ್ನು ನಡುವಿನಿಂದ ತುದಿಗಳ ಕಡೆಗೆ, ಎರಡು ಸುತ್ತಿನಲ್ಲಿ, 20 ನ್ಯೂಟನ್ ಮೀಟರಿನ ಆಸುಪಾಸಿಗೆ ಬಿಗಿಯಿರಿ. ಆ್ಯಂಟಿ-ಸೀಜ್ ಹಚ್ಚಿದ್ದರೆ ಅದಕ್ಕಿಂತ ಕಾಲು ಭಾಗ ಕಡಿಮೆ. ಗಾಡಿಯನ್ನು ಪೂರ್ತಿ ಬಿಸಿ ಮಾಡಿ, ರಾತ್ರಿ ತಣಿಯಲು ಬಿಟ್ಟು, ಬೆಳಿಗ್ಗೆ ತಣ್ಣಗಿರುವಾಗ ಮತ್ತೊಮ್ಮೆ ಅದೇ ಬಿಗಿಗೆ ನೋಡಿ. ಹೊಸ ಗ್ಯಾಸ್ಕೆಟ್ಟು ಅಷ್ಟರಲ್ಲಿ ಕುಸಿದಿರುತ್ತದೆ, ಒಂದೆರಡು ನಟ್ಟಾದರೂ ಕಾಲು ಸುತ್ತು ತೆಗೆದುಕೊಳ್ಳುತ್ತವೆ.